ಬೇಲಿಯಾಚೆ ಬಿದ್ದ ಕಲ್ಲು

ಜುಲೈ 1ರಂದು ಮಂಗಳೂರಿನಲ್ಲಿ ಎರಡು ಸಂಗತಿಗಳು ತಪ್ಪುವುದಿಲ್ಲ. ಒಂದು ಮಳೆ, ಇನ್ನೊಂದು ಪತ್ರಿಕಾ ದಿನಾಚರಣೆ. ಮಳೆಯಾದರೂ ನಡುವೆ ಅರ್ಧ ಗಂಟೆ ಬಿಡುತ್ತದೆ, ಭಾಷಣ ಬಿಡುವುದಿಲ್ಲ. ಈ ಸಲ ನಾನು ಹೋದದ್ದು ಗೋಳಿಬಜೆಯ ಆಸೆಯಿಂದ. ಅದನ್ನು ಮುಚ್ಚಿಟ್ಟು ‘ಪತ್ರಿಕೋದ್ಯಮದ ಮೇಲಿನ ಕಾಳಜಿಯಿಂದ’ ಎಂದು ಬರೆದರೆ, ಮುಂದೆ ಯಾರನ್ನು ಬೈಯಲಿದ್ದೇನೋ ಅವರ ಸಾಲಿನಲ್ಲೇ ನನಗೂ ಒಂದು ಕುರ್ಚಿ ಹಾಕಬೇಕಾಗುತ್ತದೆ.

ಉಪನ್ಯಾಸಕರು ನಮ್ಮೂರಿನ ಪ್ರಖರ ಅಂಕಣಕಾರರು. ಹೆಸರು ಹೇಳುವುದಿಲ್ಲ, ಹೇಳಿದರೆ ಅವರಿಗೆ ಸಂತೋಷವಾಗುತ್ತದೆ. ಅಂಥವರು ಒಬ್ಬರೇ ಎಂದೂ ತಿಳಿಯಬೇಡಿ. ಪಡಿತರ ಅಂಗಡಿಯ ಹಾಗೆ ತಾಲೂಕಿಗೆ ಇಷ್ಟು ಎಂದು ಹಂಚಿಕೆಯಾಗಿದ್ದಾರೆ. ವಿಷಯ ‘ನಿರ್ಭೀತ ಲೇಖನಿ’. ನಿರ್ಭೀತಿಗೆ ಮಾದರಿಯಾಗಿ ಅವರು ಹಿಡಿದು ತಂದದ್ದು ಬ್ರಿಟನ್ನಿನ ಮಾಜಿ ಪ್ರಧಾನಿ ಬೋರಿಸ್ ಜಾನ್ಸನ್ ಅವರನ್ನು. ‘ಅಂಕಣ ಬರೆದು ಬರೆದೇ ಪ್ರಧಾನಿಯಾದ ಮನುಷ್ಯ!’ ಎನ್ನುವಾಗ ಅವರ ದೃಷ್ಟಿ ಸಭಾಂಗಣದ ಗೋಡೆಯನ್ನು ದಾಟಿ ವಿಧಾನಸೌಧದ ಕಡೆಗೆ ಹೊರಟಿತು. ಮಳೆಗಾಲದ ಶಿರಾಡಿ ಘಾಟಿಯಲ್ಲಿ ಎಲ್ಲೋ ಸಿಕ್ಕಿಹಾಕಿಕೊಂಡಿತೆಂದು ಕಾಣುತ್ತದೆ, ಸ್ವಲ್ಪ ಹೊತ್ತಿನಲ್ಲಿ ವಾಪಸು ಬಂತು.

ಮಾದರಿ ಪುರುಷನ ಚರಿತ್ರೆಯನ್ನು ಅವರು ಅರ್ಧಕ್ಕೇ ಬಿಟ್ಟರು. ಉಳಿದರ್ಧ ನಾನು ಹೇಳುತ್ತೇನೆ.

ಜಾನ್ಸನ್ ಮೊದಲು ಸೇರಿದ್ದು ‘ದಿ ಟೈಮ್ಸ್’ ಪತ್ರಿಕೆಗೆ. 1988ರಲ್ಲಿ ಅಲ್ಲಿಂದ ಹೊರದಬ್ಬಿಸಿಕೊಂಡರು. ಎರಡನೆಯ ಎಡ್ವರ್ಡ್ ದೊರೆಯ ಅರಮನೆಯ ಬಗ್ಗೆ ವರದಿ ಬರೆಯುತ್ತ, ದೊರೆ ತನ್ನ ಆಪ್ತ ಗೇವ್‌ಸ್ಟನ್ ಜೊತೆ ಅಲ್ಲಿ ಮೋಜು ಮಾಡುತ್ತಿದ್ದ ಎಂಬ ಮಾತನ್ನು ಸ್ವತಃ ಹೊಸೆದು, ಇತಿಹಾಸಕಾರರಾದ ತನ್ನ ಧರ್ಮಪಿತನ ಬಾಯಿಗೆ ತುರುಕಿದ್ದರು. ಅರಮನೆ ಕಟ್ಟಿದ್ದು 1325ರಲ್ಲಿ. ಗೇವ್‌ಸ್ಟನ್‌ನ ತಲೆ ಹೋದದ್ದು 1312ರಲ್ಲಿ. ಇದಕ್ಕೆ ನಾವೇನೂ ಬೆಚ್ಚಬೇಕಾಗಿಲ್ಲ. ಸತ್ತ ಮಗನಿಗೆ ಸತ್ತ ಹುಡುಗಿಯನ್ನು ಹುಡುಕಿ, ಜಾತಕ ನೋಡಿ, ಬಾಳೆಲೆ ಹಾಕಿ ಪ್ರೇತ ಮದುವೆ ಮಾಡಿಸುವ ಜಿಲ್ಲೆ ನಮ್ಮದು. ತಲೆ ಹೋಗಿ ಹದಿಮೂರು ವರ್ಷವಾದವನು ಹೊಸ ಅರಮನೆಯ ಗೃಹಪ್ರವೇಶಕ್ಕೆ ಬಂದ ಎಂದರೆ ‘ಊಟ ಮಾಡಿ ಹೋದನೇ?’ ಎಂದಷ್ಟೇ ಕೇಳುತ್ತೇವೆ. ಲಂಡನ್ನಿನ ಸಂಪಾದಕರಿಗೆ ಆ ಸಂಸ್ಕಾರವಿರಲಿಲ್ಲ, ಕೆಲಸದಿಂದ ತೆಗೆದರು.

ತೆಗೆದವರು ತೆಗೆದರು, ಎತ್ತಿಕೊಳ್ಳುವವರು ಎತ್ತಿಕೊಂಡರು. ‘ಡೇಲಿ ಟೆಲಿಗ್ರಾಫ್’ ಅವರನ್ನು 1989ರಲ್ಲಿ ಬ್ರಸೆಲ್ಸ್‌ಗೆ ಕಳುಹಿಸಿತು. ಯುರೋಪಿನವರು ಬ್ರಿಟಿಷರ ಸಾಸೇಜಿಗೆ ಕೈಹಾಕುತ್ತಿದ್ದಾರೆ, ಆಲೂಗಡ್ಡೆ ಚಿಪ್ಸಿಗೆ ಕೈಹಾಕುತ್ತಿದ್ದಾರೆ ಎಂಬ ಧಾಟಿಯ ವರದಿಗಳು ಐದು ವರ್ಷ ಹರಿದುಬಂದವು. ಆ ದಿನಗಳನ್ನು ನೆನೆದು ಅವರು 2005ರಲ್ಲಿ ಬಿಬಿಸಿ ರೇಡಿಯೊದಲ್ಲಿ ಒಂದು ಮಾತು ಹೇಳಿದರು. ಬ್ರಸೆಲ್ಸ್‌ನಿಂದ ಬರೆಯುವುದೆಂದರೆ ತೋಟದ ಗೋಡೆಯಾಚೆಗೆ ಕಲ್ಲೆಸೆದಂತೆ. ಪಕ್ಕದ ಮನೆಯ ಗಾಜಿನ ಮನೆಯಲ್ಲಿ ಗಾಜು ಒಡೆಯುವ ಸದ್ದು ಕೇಳುತ್ತಿತ್ತು. ಅದರಿಂದ ವಿಚಿತ್ರವಾದ ಅಧಿಕಾರದ ಭಾವನೆ ಬರುತ್ತಿತ್ತು ಎಂಬುದು ಅದರ ತಾತ್ಪರ್ಯ. ಅಂಕಣಕಾರರ ಕುಲದಲ್ಲಿ ಇಷ್ಟು ಪ್ರಾಮಾಣಿಕವಾದ ತಪ್ಪೊಪ್ಪಿಗೆಯನ್ನು ನಾನು ಬೇರೆ ಕಂಡಿಲ್ಲ. ನಮ್ಮ ಉಪನ್ಯಾಸಕರು ಇದೊಂದನ್ನು ಹೇಳಲೇ ಇಲ್ಲ.

ಕಲ್ಲು ಮಂಗಳೂರಿಗೆ ಹೊಸದಲ್ಲ. ಕನ್ನಡದ ಮೊದಲ ಪತ್ರಿಕೆ ಹುಟ್ಟಿದ್ದೇ ಕಲ್ಲಿನ ಮೇಲೆ. 1843ರ ಜುಲೈ 1ರಂದು ಹರ್ಮನ್ ಮೋಗ್ಲಿಂಗ್ ‘ಮಂಗಳೂರ ಸಮಾಚಾರ’ವನ್ನು ಹೊರತಂದದ್ದು ಕಲ್ಲಚ್ಚಿನಲ್ಲಿ. ಅದು ಪಾಕ್ಷಿಕ. ಹದಿನೈದು ದಿನಕ್ಕೊಮ್ಮೆ ಊರ ಸುದ್ದಿ, ಸರಕಾರದ ಸುದ್ದಿ, ಪರದೇಶದ ಸುದ್ದಿ. ಬಾಸೆಲ್ ಮಿಶನ್ನಿನ ಪಾದ್ರಿಗೆ ತನ್ನದೇ ಧರ್ಮವನ್ನು ಹೇಳುವ ಉದ್ದೇಶ ಇರಲಿಲ್ಲವೆಂದಲ್ಲ. ಆದರೂ ಹದಿನೈದು ದಿನ ಯೋಚಿಸಲು ಸಮಯವಿದ್ದ ಮನುಷ್ಯ ಅವರು. ಕಲ್ಲಿನ ಮೇಲೆ ಅಕ್ಷರವನ್ನು ಉಲ್ಟಾ ಬರೆಯಬೇಕಾದಾಗ ಮಾತು ತಾನಾಗಿ ಕಡಿಮೆಯಾಗುತ್ತದೆ. ಈಗಿನವರಿಗೆ ಅಕ್ಷರ ನೇರವಾಗಿಯೇ ಬೀಳುತ್ತದೆ, ಅರ್ಥ ಮಾತ್ರ ಉಲ್ಟಾ. ಪತ್ರಿಕೆ ಮರುವರ್ಷವೇ ಬಳ್ಳಾರಿಗೆ ಹೋಯಿತು. ಅದೇ ಮಿಶನ್ನಿನವರು 1865ರಲ್ಲಿ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ತೆರೆದರು. ಮೊದಲು ಕಲ್ಲು, ಆಮೇಲೆ ಹಂಚು. ಊರಿನ ಭವಿಷ್ಯವನ್ನು ಅವರು ಸರಿಯಾಗಿಯೇ ಅಂದಾಜು ಮಾಡಿದ್ದರು.

ನಮ್ಮ ಅಂಕಣಕಾರರ ಚರಿತ್ರೆ ಇಷ್ಟು ದೊಡ್ಡದಲ್ಲ. ಆರಂಭದಲ್ಲಿ ಸಂಪಾದಕರಿಗೆ ಪತ್ರ ಬರೆಯುತ್ತಿದ್ದರು. ಬೀದಿದೀಪ, ಬೀದಿನಾಯಿ, ತೆರೆದ ಚರಂಡಿ. ಒಂದು ಭಾನುವಾರ ‘ಗಡ್‌ಬಡ್ ಐಸ್‌ಕ್ರೀಮ್ ಉಡುಪಿಯದ್ದೇ, ಮಂಗಳೂರಿನವರು ಬರಿದೇ ಜಂಬ ಕೊಚ್ಚಿಕೊಳ್ಳುತ್ತಾರೆ’ ಎಂದು ಬರೆದರು. ಎರಡು ಜಿಲ್ಲೆಗಳಿಂದ ಬೈಗುಳದ ಮಳೆ ಸುರಿಯಿತು. ಚರಂಡಿಯ ಬಗ್ಗೆ ಆರು ವರ್ಷ ಬರೆದರೂ ಬಾರದ ಪತ್ರಗಳು ಐಸ್‌ಕ್ರೀಮಿಗೆ ಒಂದೇ ವಾರದಲ್ಲಿ ಬಂದವು. ಆ ದಿನವೇ ಅವರಿಗೆ ಜ್ಞಾನೋದಯ. ಬೋಧಿವೃಕ್ಷದ ಜಾಗದಲ್ಲಿ ಒಂದು ಗಾಜಿನ ಲೋಟ, ಅದರಲ್ಲಿ ಮೂರು ಬಣ್ಣ. ಚರಂಡಿ ಅಲ್ಲಿಗೆ ಮುಗಿಯಿತು. ಐಸ್‌ಕ್ರೀಮಿನಿಂದ ಮೀನಿಗೆ, ಮೀನಿನಿಂದ ಮೀನು ತಿನ್ನುವವರಿಗೆ, ಅಲ್ಲಿಂದ ಯಾರು ಯಾರ ಅಂಗಡಿಯಲ್ಲಿ ಕೊಳ್ಳಬೇಕು ಎಂಬಲ್ಲಿಗೆ ಬರಲು ಅವರಿಗೆ ಎರಡು ಮಳೆಗಾಲ ಸಾಕಾಯಿತು.

ಪಂಪ್‌ವೆಲ್ ಮೇಲ್ಸೇತುವೆಯ ಬಗ್ಗೆ ಅವರು ಒಂದು ಸಾಲು ಬರೆದದ್ದಿಲ್ಲ. ಊರಿನ ಮಕ್ಕಳು ಅದರ ಬುಡದಲ್ಲೇ ಬೆಳೆದು ಕಾಲೇಜು ಮುಗಿಸಿದರು. ಬರೆಯಲಿಲ್ಲ, ಏಕೆಂದರೆ ಅರ್ಧ ಕಟ್ಟಿದ ಸೇತುವೆಗೆ ಜಾತಿಯಿಲ್ಲ. ಅದು ಸಂಚಾರಕ್ಕೆ ತೆರೆದದ್ದು 2020ರ ಜನವರಿ 31ರಂದು. ಅದೇ ದಿನ ಬ್ರಿಟನ್ ಯುರೋಪ್ ಒಕ್ಕೂಟದಿಂದ ಹೊರಬಿತ್ತು. ಅಂದು ನಮ್ಮವರ ಅಂಕಣ ಬ್ರಿಟನ್ನಿನ ಸ್ವಾಭಿಮಾನದ ಮೇಲಿತ್ತು. ಬರೆಯುವಾಗ ಅವರು ಸ್ವತಃ ಪಂಪ್‌ವೆಲ್‌ನಲ್ಲಿ ಸಿಕ್ಕಿಬಿದ್ದಿದ್ದರಂತೆ.

ಸಂಭಾವನೆಯ ವಿಷಯಕ್ಕೆ ಬಂದರೆ ಗುರು ಎಲ್ಲಿ, ಶಿಷ್ಯ ಎಲ್ಲಿ! ಲಂಡನ್ನಿನ ಮೇಯರ್ ಆಗಿದ್ದಾಗಲೂ ಜಾನ್ಸನ್ ವಾರದ ಅಂಕಣಕ್ಕೆ ವರ್ಷಕ್ಕೆ ಎರಡೂವರೆ ಲಕ್ಷ ಪೌಂಡ್ ಎಣಿಸುತ್ತಿದ್ದರು. ಆಗಿನ ಲೆಕ್ಕದಲ್ಲಿ ಸುಮಾರು 2 ಕೋಟಿ ರೂಪಾಯಿ. 2009ರಲ್ಲಿ ಅದರ ಬಗ್ಗೆ ಕೇಳಿದಾಗ ‘ಕೋಳಿಗೆ ಹಾಕುವ ಕಾಳು’ ಎಂದುಬಿಟ್ಟರು. ಅಲ್ಲಿನ ಜನ ಸಿಟ್ಟಾದರು. ನಾನು ಸಿಟ್ಟಾಗಲಿಲ್ಲ. ನಮ್ಮಲ್ಲಿ ಅಂಕದ, ಅಂದರೆ ಕಾಳಗದ, ಕೋಳಿಗೆ ಹಾಕುವ ಕಾಳು ಏನೆಂದು ನೋಡಿದವರಿಗೆ ಆ ಮಾತಿನ ಘನತೆ ಗೊತ್ತು. ಮನೆಯ ಅಳಿಯನಿಗೂ ಅಂಥ ಉಪಚಾರವಿಲ್ಲ. ಕೋಳಿ ಅಂಕಕ್ಕೂ ಪತ್ರಿಕೆಯ ಅಂಕಣಕ್ಕೂ ನಡುವೆ ಇರುವುದು ಒಂದೇ ಅಕ್ಷರ. ಕೋಳಿಯ ಕಾಲಿಗೆ ಬಾಳು ಎಂಬ ಸಣ್ಣ ಕತ್ತಿ ಕಟ್ಟುವವನು ಬೇರೆ, ಪಣ ಎತ್ತುವವನು ಬೇರೆ, ರಕ್ತ ಸುರಿಸುವುದು ಇನ್ನೊಂದು. ಯಾವ ವಾರ ಯಾವ ಬಣ್ಣದ ಕೋಳಿ ಗೆಲ್ಲುತ್ತದೆ ಎಂದು ಹೇಳಲು ಕುಕ್ಕುಟ ಪಂಚಾಂಗವೇ ಇದೆ. ನಮ್ಮ ಅಂಕಣಕಾರರ ಮೇಜಿನ ಮೇಲೂ ಅಂಥದೊಂದು ಪಂಚಾಂಗವಿರಬೇಕೆಂದು ನನ್ನ ಗುಮಾನಿ. ಇಲ್ಲದಿದ್ದರೆ ಚುನಾವಣೆಗೆ ಸರಿಯಾಗಿ ಆರು ವಾರ ಮೊದಲು ಅವರಿಗೆ ಇತಿಹಾಸ ನೆನಪಾಗುವುದು ಹೇಗೆ? ವ್ಯತ್ಯಾಸ ಒಂದೇ. ಕೋಳಿ ಅಂಕಕ್ಕೆ ಪೊಲೀಸರು ದಾಳಿ ಮಾಡುತ್ತಾರೆ.

ಇನ್ನು ತಾಳಮದ್ದಲೆಯ ಮಾತು, ಅಂದರೆ ವೇಷ, ಕುಣಿತವಿಲ್ಲದೆ ಕುಳಿತು ಮಾತಿನಲ್ಲೇ ನಡೆಸುವ ಯಕ್ಷಗಾನದ್ದು. ವಿಷಯ ಬಿಟ್ಟು ಹೋಗುತ್ತಿದ್ದೇನೆ ಎನ್ನಬೇಡಿ. 2016ರ ಫೆಬ್ರವರಿಯಲ್ಲಿ, ಯುರೋಪ್ ಒಕ್ಕೂಟದಲ್ಲಿ ಇರಬೇಕೋ ಬಿಡಬೇಕೋ ಎಂಬ ಜನಮತಗಣನೆಗೆ ಮುನ್ನ, ಜಾನ್ಸನ್ ಎರಡು ಅಂಕಣ ಬರೆದಿಟ್ಟಿದ್ದರು. ಒಂದರಲ್ಲಿ ಬಿಡಬೇಕು, ಇನ್ನೊಂದರಲ್ಲಿ ಇರಬೇಕು. ಅಚ್ಚಾದದ್ದು ಬಿಡಬೇಕು ಎನ್ನುವುದು. ಇದನ್ನು ನಮ್ಮ ಉಪನ್ಯಾಸಕರು ‘ಎರಡೂ ಬದಿಯನ್ನು ತೂಗಿ ನೋಡುವ ಪ್ರತಿಭೆ’ ಎಂದು ಕೊಂಡಾಡಿ, ‘ನಮ್ಮ ತಾಳಮದ್ದಲೆಯ ಅರ್ಥಧಾರಿಗಳ ಹಾಗೆ’ ಎಂದು ಸೇರಿಸಿದರು. ಆಗಲೇ ನನ್ನ ಗಂಟಲಿನಲ್ಲಿ ಗೋಳಿಬಜೆ ಸಿಕ್ಕಿದ್ದು.

ತಾಳಮದ್ದಲೆಯಲ್ಲಿ ಶೇಣಿ ಗೋಪಾಲಕೃಷ್ಣ ಭಟ್ಟರ ವಾಲಿಯನ್ನು ಕೇಳಿದವರು ಇನ್ನೂ ಊರಿನಲ್ಲಿದ್ದಾರೆ. ಮರದ ಮರೆಯಲ್ಲಿ ನಿಂತು ಬಾಣ ಬಿಟ್ಟವನನ್ನು ವಾಲಿ ಪ್ರಶ್ನಿಸತೊಡಗಿದರೆ ರಾಮಭಕ್ತರೇ ಸಭೆಯಲ್ಲಿ ತಲೆ ತಗ್ಗಿಸುತ್ತಿದ್ದರಂತೆ. ಒಬ್ಬ ಒಳ್ಳೆಯ ಅರ್ಥಧಾರಿ ಇಂದು ಕರ್ಣನಾಗುತ್ತಾನೆ, ನಾಳೆ ಕೃಷ್ಣನಾಗುತ್ತಾನೆ. ಅದು ಪಾತ್ರವೆಂದು ಅವನಿಗೂ ಗೊತ್ತು, ಕೆಳಗೆ ಕುಳಿತವರಿಗೂ ಗೊತ್ತು. ಮುಖ್ಯವಾದದ್ದು, ವಾಲಿ ಮಾತಾಡಬೇಕಾದರೆ ಎದುರಿಗೆ ಅದೇ ವೇದಿಕೆಯಲ್ಲಿ ರಾಮ ಕುಳಿತಿರಬೇಕು. ಅವನ ಬಾಯಲ್ಲೂ ನಾಲಗೆ ಇರಬೇಕು. ಸುಳ್ಳು ಪುರಾಣ ಎತ್ತಿದರೆ ಎದುರು ಅರ್ಥಧಾರಿ ಅಲ್ಲೇ ಹಿಡಿಯುತ್ತಾನೆ. ಮಾತು ಹಳಿ ತಪ್ಪಿದರೆ ಹಾಡುವ ಭಾಗವತರು ಜಾಗಟೆ ಬಡಿದು ಮುಂದಿನ ಪದ್ಯ ಎತ್ತಿಕೊಳ್ಳುತ್ತಾರೆ. ಅರ್ಥಧಾರಿ ಎಷ್ಟೇ ದೊಡ್ಡವನಿರಲಿ, ಪದ್ಯ ಶುರುವಾದರೆ ಬಾಯಿ ಮುಚ್ಚಲೇಬೇಕು. ಪತ್ರಿಕೆಯ ಅಂಕಣದಲ್ಲಿ ಎದುರು ಪಾತ್ರವೂ ಇಲ್ಲ, ಭಾಗವತರೂ ಇಲ್ಲ. ಜಾನ್ಸನ್ ಒಬ್ಬರೇ ವಾಲಿ, ಒಬ್ಬರೇ ರಾಮ. ಬಾಣ ತಾಗಿದ್ದು ಪ್ರೇಕ್ಷಕರಿಗೆ.

ಭಾಗವತರು ಇಲ್ಲವೇ ಇಲ್ಲ ಎಂದೇನಲ್ಲ, ಬ್ರಿಟನ್ನಿನಲ್ಲಿ ಒಬ್ಬರಿದ್ದಾರೆ. ಪತ್ರಿಕೆಗಳ ಸ್ವಯಂ ನಿಯಂತ್ರಣ ಸಂಸ್ಥೆ. 2019ರ ಏಪ್ರಿಲ್‌ನಲ್ಲಿ ಅದು ಜಾನ್ಸನ್ ಅವರ ಒಂದು ಅಂಕಣವನ್ನು ಹಿಡಿದು, ಜನಾಭಿಪ್ರಾಯ ಸಮೀಕ್ಷೆಗಳು ಹೇಳದ ಮಾತನ್ನು ಹೇಳಿವೆ ಎಂದು ಬರೆದದ್ದು ತಪ್ಪು ಎಂದಿತು. ಅದಕ್ಕೆ ‘ಟೆಲಿಗ್ರಾಫ್’ ಕೊಟ್ಟಿದ್ದ ಸಮಜಾಯಿಷಿಯನ್ನು ಕಟ್ಟು ಹಾಕಿಸಿ ಪ್ರತಿ ಪತ್ರಿಕಾಲಯದಲ್ಲೂ ತೂಗುಹಾಕಬೇಕು: ಇದು ಸ್ಪಷ್ಟವಾಗಿ ಹಾಸ್ಯದ ಧಾಟಿಯ ವಾದ, ಯಾರೂ ಇದನ್ನು ವಸ್ತುಸ್ಥಿತಿಯ ಗಂಭೀರ ವಿಶ್ಲೇಷಣೆ ಎಂದು ಓದುವುದಿಲ್ಲ. ಮೂರು ತಿಂಗಳಲ್ಲಿ ಆ ಹಾಸ್ಯಗಾರ ಪ್ರಧಾನಿಯಾದರು. ನಮ್ಮವರೂ ಸಿಕ್ಕಿಬಿದ್ದಾಗಲೆಲ್ಲ ‘ವ್ಯಂಗ್ಯ ಅರ್ಥವಾಗದವರ ಜೊತೆ ಏನು ಮಾತು’ ಎನ್ನುತ್ತಾರೆ. ತೀರಾ ಒತ್ತಾಯ ಬಂದರೆ ಹನ್ನೊಂದನೆಯ ಪುಟದಲ್ಲಿ, ಟೆಂಡರ್ ಪ್ರಕಟಣೆಯ ಕೆಳಗೆ, ಇರುವೆಯ ಗಾತ್ರದ ಅಕ್ಷರದಲ್ಲಿ ‘ವಿಷಾದ’ ಬರುತ್ತದೆ. ಯಾವುದಕ್ಕೆ ವಿಷಾದ ಎಂದು ಹೇಳುವುದಿಲ್ಲ. ಬದುಕಿನ ಬಗ್ಗೆ ಒಟ್ಟಾರೆ ಇರಬಹುದು.

2018ರ ಆಗಸ್ಟ್‌ನಲ್ಲಿ ಜಾನ್ಸನ್ ಬುರ್ಖಾ ತೊಟ್ಟ ಹೆಂಗಸರನ್ನು ಅಂಚೆಪೆಟ್ಟಿಗೆಗೆ ಹೋಲಿಸಿದರು, ಬ್ಯಾಂಕ್ ದರೋಡೆಕೋರರಿಗೂ ಹೋಲಿಸಿದರು. ಆ ಅಂಕಣದ ವಾದ ಬುರ್ಖಾ ನಿಷೇಧಕ್ಕೆ ವಿರೋಧವಾಗಿಯೇ ಇತ್ತು, ಆದರೆ ವಾದ ಯಾರಿಗೂ ನೆನಪಿಲ್ಲ, ಅಂಚೆಪೆಟ್ಟಿಗೆ ನೆನಪಿದೆ. ಮುಸ್ಲಿಮರ ಮೇಲಿನ ದ್ವೇಷದ ಘಟನೆಗಳನ್ನು ದಾಖಲಿಸುವ ‘ಟೆಲ್ ಮಾಮಾ’ ಎಂಬ ಸಂಸ್ಥೆಯ ಲೆಕ್ಕದಲ್ಲಿ ಹಿಂದಿನ ವಾರ 8 ಇದ್ದದ್ದು ಅಂಕಣ ಬಂದ ಮರುವಾರ 38 ಆಯಿತು. ಪಕ್ಷದವರು ವಿಚಾರಣೆ ನಡೆಸಿ ಅವರದು ತಪ್ಪಿಲ್ಲ ಎಂದರು.

ಆ 38ನ್ನು ತಮಾಷೆ ಮಾಡಿ ಹೇಳಲು ನನಗೆ ಬರುವುದಿಲ್ಲ. ಸ್ಟೇಟ್‌ಬ್ಯಾಂಕ್ ಬಸ್ ನಿಲ್ದಾಣದಿಂದ ಹೊರಡುವ ಬಸ್ಸಿನಲ್ಲಿ ನನ್ನ ಪಕ್ಕ ಬುರ್ಖಾ ತೊಟ್ಟ ಹೆಂಗಸರು ಮೀನಿನ ಚೀಲ ಹಿಡಿದು ಮೂವತ್ತು ವರ್ಷದಿಂದ ಕುಳಿತುಕೊಳ್ಳುತ್ತಿದ್ದಾರೆ. ಬಂಗುಡೆಗೆ ಎಷ್ಟಾಯಿತು ಎಂದು ನಾನು ಕೇಳುತ್ತೇನೆ, ಹೇಳುತ್ತಾರೆ. 2022ರ ಆರಂಭದಲ್ಲಿ ಉಡುಪಿಯ ಕಾಲೇಜಿನ ಗೇಟಿನ ಹೊರಗೆ ಹಿಜಾಬ್ ತೊಟ್ಟ ಹುಡುಗಿಯರು ನಿಂತಿದ್ದಾಗ ನಮ್ಮವರು ಸಾಲುಸಾಲು ಕಂತು ಬರೆದರು. ಆ ಹುಡುಗಿಯರಿಗೆ ಪರೀಕ್ಷೆ ಇತ್ತು ಎಂಬ ಮಾತು ಯಾವ ಕಂತಿನಲ್ಲೂ ಬರಲಿಲ್ಲ. ಯಾರೋ ಕಲ್ಲೆಸೆಯುತ್ತಾರೆ, ಯಾರೋ ಚೂರಿ ಹಾಕುತ್ತಾರೆ, ಸಂಜೆ ಆರಕ್ಕೆ ಹಂಪನಕಟ್ಟೆಯಲ್ಲಿ ಶಟರ್ ಬೀಳುತ್ತದೆ. ಅಂಕಣವನ್ನು ಫೋಟೊ ತೆಗೆದು ನಾಲ್ಕು ಸಾಲು ಸೇರಿಸಿ ಹಂಚಿದ ಇಪ್ಪತ್ತೆರಡರ ಹುಡುಗನ ಮೇಲೆ, ಸಮುದಾಯಗಳ ನಡುವೆ ದ್ವೇಷ ಹುಟ್ಟಿಸಿದ ಪ್ರಕರಣ. ಮೊದಲು ಅದಕ್ಕೆ ಕಲಂ 153-ಎ ಎನ್ನುತ್ತಿದ್ದರು, 2024ರ ಜುಲೈ 1ರಿಂದ 196 ಎನ್ನುತ್ತಾರೆ. ಹೌದು, ಪತ್ರಿಕಾ ದಿನದಂದೇ ಸಂಖ್ಯೆ ಬದಲಾದದ್ದು. ಅವನ ತಾಯಿ ಬೀಡಿ ಕಟ್ಟುವುದನ್ನು ಬಿಟ್ಟು ನ್ಯಾಯಾಲಯದ ಜಗಲಿಯಲ್ಲಿ ಕುಳಿತಿರುತ್ತಾಳೆ. ಬರೆದವರ ಮಗ ಮೆಲ್ಬರ್ನ್‌ನಲ್ಲಿದ್ದಾನೆ. ಇದನ್ನು ಎಷ್ಟು ಸಲ ಬರೆಯುವುದು? ನನಗೆ ಸಾಕಾಗಿದೆ.

ಪ್ರಶ್ನೋತ್ತರಕ್ಕೆ ಸಮಯವಿಲ್ಲ ಎಂದರು. ವಂದನಾರ್ಪಣೆಗೆ ಇಪ್ಪತ್ತು ನಿಮಿಷವಿತ್ತು. ಹೊರಗೆ ಬಂದಾಗ ಮಳೆ ನಿಂತಿತ್ತು, ಬಸ್ಸುಗಳೂ ನಿಂತಿದ್ದವು. ಸುರತ್ಕಲ್ ಕಡೆಯಲ್ಲಿ ಏನೋ ಗಲಾಟೆ ಎಂದು ಯಾರೋ ಹೇಳಿದರು. ನನ್ನ ಹಳೆಯ ಕಾರಿನ ಬಾಗಿಲು ತೆರೆಯುವಷ್ಟರಲ್ಲಿ ಅಂಕಣಕಾರರು ಶಾಲು, ಹಾರ, ಹಣ್ಣಿನ ಬುಟ್ಟಿಯೊಂದಿಗೆ ಪಕ್ಕದಲ್ಲಿ ನಿಂತಿದ್ದರು. ಕೊಟ್ಟಾರದವರೆಗೆ ಬಿಡಬಹುದೇ ಎಂದು ಕೇಳಿದರು. ಹತ್ತಿಸಿಕೊಂಡೆ. ಭಾಷಣ ಹೇಗಿತ್ತು ಎಂದು ವಿಚಾರಿಸಿದರು. ಗೋಳಿಬಜೆ ಬಿಸಿಯಿತ್ತು ಎಂದೆ.

ಲೇಡಿಹಿಲ್ ಬಳಿ ಅವರು ಬುಟ್ಟಿಯನ್ನು ಮಡಿಲಿಗೆ ಎಳೆದುಕೊಂಡು, ತಲೆಯನ್ನು ಸ್ವಲ್ಪ ತಗ್ಗಿಸಿದರು.

‘ಹೆದ್ದಾರಿಗೆ ಹೋಗುವುದು ಬೇಡ, ಒಳರಸ್ತೆಯಲ್ಲಿ ಹೋಗೋಣ. ಈ ಜನಕ್ಕೆ ತಲೆ ಸರಿಯಿಲ್ಲ, ಗಾಜಿಗೆ ಕಲ್ಲು ಹೊಡೆಯುತ್ತಾರೆ.’