ನೀರಿನ ದರ, ಲೈನ್ ಮನೆ ಮತ್ತು ವರ್ಷಕ್ಕೊಂದು ಸಭೆ

ನಮ್ಮ ಕೊಡಗಿನ ಕಡೆ ನೀರಿನ ದರ ಏರಿತೆಂದು ಬಹಳ ಜನಕ್ಕೆ ಗೊತ್ತಾಗುವುದು ಕೌಂಟರಿನಲ್ಲಿ ಬಿಲ್ ಕಟ್ಟುವಾಗ. ನಾನೀಗ ಬಾಡಿಗೆಗಿರುವ ಕ್ಯಾಲಿಫೋರ್ನಿಯಾದ ಪಾಲೊ ಆಲ್ಟೊದಲ್ಲಿ ದರ ಏರುವ ಮೊದಲೇ ಅಂಚೆಯಲ್ಲಿ ಕಾಗದ ಬರುತ್ತದೆ. ಇಷ್ಟಿದ್ದದ್ದು ಇಷ್ಟಾಗುತ್ತದೆ, ಕಾರಣ ಇದು, ಸಭೆ ಇಂಥ ದಿನ, ತಕರಾರಿದ್ದರೆ ಬರೆದು ಕೊಡಿ. ಇದೇನೂ ಅಧಿಕಾರಿಗಳ ದೊಡ್ಡ ಮನಸ್ಸಲ್ಲ. 1996ರಲ್ಲಿ ರಾಜ್ಯದ ಮತದಾರರೇ ‘ಪ್ರಸ್ತಾವ 218’ ಎಂಬುದನ್ನು ಗೆಲ್ಲಿಸಿ ಈ ಕಟ್ಟುಪಾಡು ಹಾಕಿದರು. ನೋಟಿಸಿಗೂ ಸಭೆಗೂ ನಡುವೆ ಕನಿಷ್ಠ 45 ದಿನ ಇರಬೇಕು; ಅರ್ಧಕ್ಕಿಂತ ಹೆಚ್ಚು ಆಸ್ತಿಗಳ ಕಡೆಯಿಂದ ಬರಹದಲ್ಲಿ ವಿರೋಧ ಬಂದರೆ ದರ ಏರಿಸುವಂತಿಲ್ಲ. ಅಷ್ಟು ವಿರೋಧ ಬರುವುದು ಅಪರೂಪ, ಅದು ಬೇರೆ ಮಾತು.

ಇಲ್ಲಿ ಕರೆಂಟು, ಗ್ಯಾಸು, ನೀರು, ಒಳಚರಂಡಿ ಎಲ್ಲವೂ ನಗರಸಭೆಯದೇ, ಬಿಲ್ಲೂ ಒಂದೇ. ಜುಲೈ 1ಕ್ಕೆ ಹೊಸ ಆರ್ಥಿಕ ವರ್ಷ. ಜೂನಿನಲ್ಲಿ ಬಜೆಟ್ಟಿನ ಜೊತೆಗೇ ದರಪಟ್ಟಿಗೂ ಒಪ್ಪಿಗೆ. ಗ್ಯಾಸಿನ ವರಮಾನದಲ್ಲಿ ಒಂದು ಪಾಲನ್ನು ನಗರಸಭೆ ಬಹಳ ಕಾಲದಿಂದ ಊರಿನ ಬೇರೆ ಖರ್ಚುಗಳ ಸಾಮಾನ್ಯ ನಿಧಿಗೆ ತಿರುಗಿಸುತ್ತಿತ್ತು. ಯಾರೋ ಒಬ್ಬ ಬಳಕೆದಾರರು ಕೋರ್ಟಿಗೆ ಹೋದರು, ನಗರಸಭೆ ಸೋತಿತು. ಆಮೇಲೆ 2022ರಲ್ಲಿ ಅದೇ ನಗರಸಭೆ ಮತದಾರರ ಮುಂದೆ ಬಂದು, ಗ್ಯಾಸಿನ ವರಮಾನದಲ್ಲಿ ಶೇ 18ರವರೆಗೆ ತೆಗೆದುಕೊಳ್ಳುತ್ತೇವೆ, ಒಪ್ಪುತ್ತೀರಾ ಎಂದು ಕೇಳಿತು. ಜನ ಒಪ್ಪಿದರು. ಕೇಳಿದರೆ ಜನ ಕೊಡುತ್ತಾರೆ ಅನ್ನುವುದನ್ನು ನಮ್ಮ ಪುರಸಭೆಗಳವರು ಗಮನಿಸಬೇಕು.

ನಮ್ಮಲ್ಲಿ ಇಂಥದ್ದು ಇಲ್ಲವೇ ಇಲ್ಲ ಎಂದಲ್ಲ. ಕೊಡಗಿಗೆ ಕರೆಂಟು ಕೊಡುವ ಚೆಸ್ಕಾಂ ದರ ಏರಿಸಬೇಕಾದರೆ ವಿದ್ಯುಚ್ಛಕ್ತಿ ನಿಯಂತ್ರಣ ಆಯೋಗದ ಮುಂದೆ ಲೆಕ್ಕ ಇಡಬೇಕು, ಆಯೋಗ ಸಾರ್ವಜನಿಕ ವಿಚಾರಣೆ ನಡೆಸಬೇಕು. ತೋಟದವರೂ ರೈತ ಸಂಘದವರೂ ಹೋಗಿ ವಾದಿಸಬಹುದು. ಕರೆಂಟಿಗಿರುವ ಈ ಮರ್ಯಾದೆ ನೀರಿಗೆ ಯಾಕಿಲ್ಲ? ಆಸ್ತಿ ತೆರಿಗೆಯನ್ನೇ ನೋಡಿ. ಪುರಸಭೆ ಕಾಯ್ದೆಗೆ 2021ರ ತಿದ್ದುಪಡಿ ಬಂದ ಮೇಲೆ ಅದು ವರ್ಷವರ್ಷವೂ ಶೇ 3ರಿಂದ 5ರಷ್ಟು ತಾನಾಗಿಯೇ ಏರುತ್ತದೆ. ಏಪ್ರಿಲಿನಲ್ಲಿ ಕಟ್ಟಿದರೆ ಶೇ 5 ರಿಯಾಯಿತಿ ಅನ್ನುವುದು ಎಲ್ಲರಿಗೂ ಬಾಯಿಪಾಠ. ರಸೀದಿಯಲ್ಲಿ ಆರೋಗ್ಯ, ಗ್ರಂಥಾಲಯ, ಭಿಕ್ಷುಕರ ಪುನರ್ವಸತಿ ಎಂದು ಸೆಸ್ಸುಗಳ ಸಾಲೇ ಇರುತ್ತದೆ. ಕಳೆದ ವರ್ಷದ್ದು ಏನಾಯಿತು ಎಂದು ಮಾತ್ರ ಆ ರಸೀದಿ ಹೇಳುವುದಿಲ್ಲ.

ಆದರೆ ಕ್ಯಾಲಿಫೋರ್ನಿಯಾದ ಒಂದು ತತ್ವ ನಮಗೆ ಬೇಡ. ಒಬ್ಬರಿಗೆ ನೀರು ಕೊಡಲು ತಗಲುವ ಖರ್ಚಿಗಿಂತ ಒಂದು ಡಾಲರ್ ಹೆಚ್ಚಿಗೆ ಅವರಿಂದ ಕೀಳಬಾರದು ಅನ್ನುತ್ತದೆ ಇಲ್ಲಿನ ಕಾನೂನು. ಹೆಚ್ಚು ಬಳಸಿದವರಿಗೆ ಹೆಚ್ಚು ದರ ಹಾಕಿದ್ದ ಸ್ಯಾನ್ ಹ್ವಾನ್ ಕಪಿಸ್ಟ್ರಾನೊ ಎಂಬ ಊರು, ಆ ದರಕ್ಕೆ ಖರ್ಚಿನ ಲೆಕ್ಕ ತೋರಿಸಲಾಗದೆ 2015ರಲ್ಲಿ ಕೋರ್ಟಿನಲ್ಲಿ ಸೋತಿತು. ಬಡವರಿಗೆ ನೀರಿನಲ್ಲಿ ರಿಯಾಯಿತಿ ಕೊಡಬೇಕೆಂದರೂ ಆ ಹಣವನ್ನು ಉಳಿದವರ ನೀರಿನ ಬಿಲ್ಲಿನಿಂದ ತೆಗೆಯುವಂತಿಲ್ಲ. ಕೂಟುಹೊಳೆಯ ನೀರನ್ನೇ ನಂಬಿಕೊಂಡ ಮಡಿಕೇರಿಯಲ್ಲಿ ಈ ಲೆಕ್ಕ ನಡೆಯಬಾರದು. ಮೀಟರ್ ಇಲ್ಲದ ಕಡೆ ಇಬ್ಬರು ಮುದುಕರಿರುವ ಮನೆಯೂ, ನಾಲ್ಕು ಕೋಣೆ ಪ್ರವಾಸಿಗರಿಗೆ ಬಿಟ್ಟ ಮನೆಯೂ ಒಂದೇ ದರ ಕಟ್ಟುವುದು ಅನ್ಯಾಯ. ಹೋಂಸ್ಟೇಗೆ ಮೀಟರ್ ಇರಲಿ, ಮೇಲಿನ ಸ್ಲ್ಯಾಬಿಗೆ ಮೇಲಿನ ದರವೂ ಇರಲಿ.

ನಾನು ನಿಜವಾಗಿ ಹೇಳಬೇಕೆಂದಿರುವುದು ಮನೆಗಳ ವಿಷಯ. ಪಾಲೊ ಆಲ್ಟೊದಲ್ಲಿ ಕಚೇರಿಯನ್ನೋ ಹೋಟೆಲನ್ನೋ ಹೊಸದಾಗಿ ಕಟ್ಟುವವರು ಚದರಡಿಗೆ ಇಷ್ಟು ಎಂದು ಕೈಗೆಟಕುವ ಮನೆಗಳ ನಿಧಿಗೆ ಶುಲ್ಕ ಕಟ್ಟಬೇಕು. ಕಚೇರಿಗೆ ಒಂದು ದರ, ಹೋಟೆಲಿಗೆ ಇನ್ನೊಂದು. ಕಟ್ಟಡದ ಖರ್ಚು ಏರಿದ ಹಾಗೆ ಶುಲ್ಕವೂ ವರ್ಷಕ್ಕೊಮ್ಮೆ ಏರುತ್ತದೆ. ನೀನು ಕೆಲಸಗಾರರನ್ನು ಊರಿಗೆ ತರುತ್ತೀ, ಅವರ ಸೂರಿಗೂ ಪಾಲು ಕೊಡು ಎನ್ನುವುದು ಇದರ ಹಿಂದಿನ ಮಾತು. ಇಂಥ ಶುಲ್ಕದ ಖಾತೆಯನ್ನು ಪ್ರತ್ಯೇಕವಾಗಿಟ್ಟು ಪ್ರತಿವರ್ಷ ಪ್ರಕಟಿಸಬೇಕು. ಐದು ವರ್ಷವಾದರೂ ಹಣ ಉಳಿದಿದ್ದರೆ ಯಾಕೆಂದು ವಿವರಿಸಬೇಕು, ಇಲ್ಲವೇ ಹಿಂದಿರುಗಿಸಬೇಕು.

ಕೊಡಗಿಗೆ ಇದು ಹೊಸ ಮಾತಲ್ಲ. 1951ರ ತೋಟ ಕಾರ್ಮಿಕರ ಕಾಯ್ದೆ, ಕಾರ್ಮಿಕರಿಗೆ ಮನೆ ಕೊಡುವ ಹೊಣೆಯನ್ನು ತೋಟದ ಮಾಲೀಕರ ಮೇಲೆ ಹಾಕಿತು. ತೋಟದ ಕಾರ್ಮಿಕರಿಗೆಂದು ಸಾಲಾಗಿ ಕಟ್ಟಿದ ನಮ್ಮ ಲೈನ್ ಮನೆಗಳ ಸ್ಥಿತಿ ಎಷ್ಟೋ ಕಡೆ ಹೇಳಿಕೊಳ್ಳುವಂತಿಲ್ಲ. ಕೆಲಸ ಬಿಟ್ಟರೆ ಮನೆಯೂ ಬಿಡಬೇಕು. ಆದರೂ ಹೊಣೆ ಎಂಬುದೊಂದಿತ್ತು. ಕಾಫಿಯ ಪಕ್ಕದಲ್ಲೇ ಎದ್ದ ರೆಸಾರ್ಟಿಗೆ ಆ ಹೊಣೆಯೂ ಇಲ್ಲ. ಅಡುಗೆಯವರು, ಕೋಣೆ ಗುಡಿಸುವವರು, ಅಸ್ಸಾಮಿನಿಂದ ಬಂದ ಹುಡುಗರು ಎಲ್ಲಿ ಮಲಗುತ್ತಾರೆ ಎಂದು ನಕ್ಷೆಗೆ ಅನುಮತಿ ಕೊಡುವಾಗ ಯಾರೂ ಕೇಳುವುದಿಲ್ಲ. 2016ರ ಡಿಸೆಂಬರಿನಲ್ಲಿ ಕೊಡಗಿನ ದಿಡ್ಡಳ್ಳಿಯಲ್ಲಿ ತೆರವು ಕಾರ್ಯಾಚರಣೆಯಿಂದ ಗುಡಿಸಲು ಕಳೆದುಕೊಂಡ ಆದಿವಾಸಿಗಳಲ್ಲಿ ಎಷ್ಟೋ ಜನ ಲೈನ್ ಮನೆ ಬಿಟ್ಟು ಬಂದವರು. ಬಸವನಹಳ್ಳಿ, ಬ್ಯಾಡಗೊಟ್ಟದಲ್ಲಿ ಅವರಿಗೆ ಮನೆಯಾದದ್ದು ಹೋರಾಟದ ನಂತರ, ಸರ್ಕಾರದ ದುಡ್ಡಿನಲ್ಲಿ. 2018ರ ಭೂಕುಸಿತದ ನಂತರ ಜಂಬೂರು, ಮದೆನಾಡಿನಲ್ಲಿ ಎದ್ದ ಮನೆಗಳೂ ಹಾಗೆಯೇ, ಅನಾಹುತವಾದ ಮೇಲೆ. ಯಾರಿಗಾದರೂ ಮನೆ ಬೇಕೆಂದರೆ ಪೈಸಾರಿ ಜಾಗ, ಅಂದರೆ ಸರ್ಕಾರಿ ಜಾಗ, ಹುಡುಕಿ ಅನ್ನುತ್ತೇವೆ. ಅದೂ ಎಷ್ಟು ದಿನ ಸಿಕ್ಕೀತು?

ಪಾಲೊ ಆಲ್ಟೊ ಈ ಶುಲ್ಕದಿಂದ ಗೆದ್ದಿತೇ ಎಂದು ಕೇಳಿದರೆ, ಇಲ್ಲ. ಇಲ್ಲಿ ಸಾಧಾರಣ ಮನೆಯೂ 20 ಲಕ್ಷ ಡಾಲರ್ ದಾಟುತ್ತದೆ, ಶಾಲೆಯ ಮೇಷ್ಟ್ರುಗಳು ದೂರದೂರಿನಿಂದ ಕಾರಿನಲ್ಲಿ ಬರುತ್ತಾರೆ. ಸಭೆಗಳಲ್ಲಿ ಹೆಚ್ಚು ಮಾತಾಡುವವರು ಮನೆ ಇದ್ದವರು, ಸಮಯ ಇದ್ದವರು. ಅವರಿಗೆ ಪಕ್ಕದಲ್ಲಿ ಅಪಾರ್ಟ್‌ಮೆಂಟ್ ಬೇಡ. ಜಾಗವನ್ನೇ ಬಿಡದ ಊರಿನಲ್ಲಿ ನಿಧಿ ಎಷ್ಟಿದ್ದರೇನು? ಇದು ತಡವಾದ ಊರಿನ ಕಥೆ. ಕುಶಾಲನಗರ ಮೊನ್ನೆ ಮೊನ್ನೆ ಪುರಸಭೆಯಾಯಿತು, ಗೋಣಿಕೊಪ್ಪ ಅಷ್ಟು ಬೆಳೆದರೂ ಇನ್ನೂ ಗ್ರಾಮ ಪಂಚಾಯಿತಿ. ಅಲ್ಲಿ ಇನ್ನೂ ಹೊತ್ತಿದೆ.

ಕೊಡಗಿನಲ್ಲೂ ಹೊಸ ರೆಸಾರ್ಟುಗಳಿಗೆ ಇಂಥ ಮನೆ ಶುಲ್ಕ ಹಾಕಬೇಕು. ಹಾಕಿದರೆ ಪ್ರವಾಸಿಗರು ವಯನಾಡಿಗೆ, ಚಿಕ್ಕಮಗಳೂರಿಗೆ ಹೋಗುತ್ತಾರೆ ಎಂದು ರೆಸಾರ್ಟಿನವರು ಹೇಳುತ್ತಾರೆ. ಹೋಗಲಾರರು. ಕಟ್ಟುವಾಗ ಒಮ್ಮೆ ತೆರುವ ಚದರಡಿ ಶುಲ್ಕ, ವಾರಾಂತ್ಯದ ಕೋಣೆ ಬಾಡಿಗೆಯಲ್ಲಿ ಕಾಣಿಸುವಷ್ಟು ದೊಡ್ಡದಲ್ಲ. ಅನುಮಾನವಿದ್ದರೆ ಮಲೆನಾಡಿನ ಜಿಲ್ಲೆಗಳಿಗೆಲ್ಲ ಸರ್ಕಾರ ಒಂದೇ ದರ ಮಾಡಲಿ. ಹೇಗೂ ಬಜೆಟ್ಟಿಗೆ ಮೊದಲು ಪುರಸಭೆಗಳವರು ಪೂರ್ವಭಾವಿ ಸಭೆ ಕರೆಯುತ್ತಾರಲ್ಲ. ನೀರಿನ ದರ, ಕಟ್ಟಡ ಶುಲ್ಕ, ಹಿಂದಿನ ವರ್ಷದ ಜಮಾ ಖರ್ಚು ಮೂರನ್ನೂ ಒಂದು ಹಾಳೆಯಲ್ಲಿ ಅಚ್ಚು ಹಾಕಿಸಿ, ಸಭೆಗೆ ತಿಂಗಳು ಮೊದಲೇ ನೀರಿನ ಬಿಲ್ಲಿನ ಜೊತೆ ಮನೆಮನೆಗೆ ಕಳಿಸಲಿ. ಸಭೆಯನ್ನು ಸಂಜೆ ಇಟ್ಟುಕೊಂಡರೆ ಕೂಲಿ ಮುಗಿಸಿದವರೂ ಬರಬಹುದು.