ಹಳದಿ ಮುಚ್ಚಳದ ಬಾಟಲಿ

ನಮ್ಮ ಶಿವಮೊಗ್ಗದ ಮನೆಯ ಅಡುಗೆಮನೆ ಶೆಲ್ಫಿನಲ್ಲಿ ಆ ಬಾಟಲಿ ಕೂತು ಏಳು ತಿಂಗಳಾಯ್ತು. ಎಸೆಯೋಣ ಅಂದರೆ ಹೆಂಡತಿ, "ಮಗಳು ಕೊಟ್ಟಿದ್ದು, ಇರಲಿ" ಅನ್ನುತ್ತಾಳೆ. ಇರಲಿ ಅಂದರೆ, "ಅದನ್ನ ತಿನ್ನೋರು ಯಾರು?" ಅಂತ ಅವಳೇ ಕೇಳುತ್ತಾಳೆ.

ಮೆಲ್ಬರ್ನಿನ ಸೂಪರ್‌ಮಾರ್ಕೆಟ್ಟಿನಲ್ಲಿ ಆ ವೆಜಿಮೈಟ್ ಬಾಟಲಿ ಆರಿಸಿದ್ದು ನಾನೇ. ಅಲ್ಲೇ ಮಗಳ ಮನೆಗೆ ತಂದು ಮುಚ್ಚಳ ತೆಗೆದರೆ ಕಪ್ಪಗೆ, ಮಂದಕ್ಕೆ, ಹಳೇ ಜೋನಿಬೆಲ್ಲದ ಹಾಗೇ ಹೊಳೆಯುತ್ತಿತ್ತು. ಚಮಚ ತುಂಬಾ ಬಾಯಿಗಿಟ್ಟೆ.

ಕಪ್ಪಗಿದ್ದದ್ದೆಲ್ಲ ಬೆಲ್ಲ ಅಂದುಕೊಳ್ಳುವ ಕಾಯಿಲೆ ನನಗೆ ಹಳೆಯದು. ಸಾಗರದ ಕಡೆಯ ನಮ್ಮ ಹಳ್ಳಿಮನೆಯಲ್ಲಿ ಆಲೆಮನೆ ಮುಗಿದ ಮೇಲೆ ಜೋನಿಬೆಲ್ಲದ ಡಬ್ಬಗಳು ಉಗ್ರಾಣ ಸೇರುತ್ತಿದ್ದವು. ಮಳೆಗಾಲದ ಹೊತ್ತಿಗೆ ಡಬ್ಬದ ತಳದಲ್ಲಿ ಸಕ್ಕರೆ ಹರಳು ಕಟ್ಟಿರುತ್ತಿತ್ತು. ಅದು ಬೇಕಾದರೆ ಮೊಣಕೈವರೆಗೆ ಕೈ ಇಳಿಸಬೇಕು. ಕಿಟಕಿ ಇಲ್ಲದ ಕೋಣೆ. ಹೊರಗೆ ಧೋ ಅಂತ ಮಳೆ. ಅಜ್ಜ ಊಟ ಮುಗಿಸಿ ಮಲಗಿದ್ದರು. ಚಿಕ್ಕಪ್ಪನ ಮಗ ಬಾಗಿಲು ಕಾಯುವುದು, ನಾನು ಕೈ ಹಾಕುವುದು ಅಂತ ಒಪ್ಪಂದ. ಹಾಕಿದೆ. ಹರಳು ಸಿಗಲಿಲ್ಲ. ಇರಲಿ ಅಂತ ನಾಲ್ಕೂ ಬೆರಳು ಚೀಪಿದೆ. ಗಾಡಿಯ ಕೀಲೆಣ್ಣೆ! ಮಳೆಗಾಲಕ್ಕೆ ಗಾಡಿ ಕೊಟ್ಟಿಗೆ ಸೇರಿದ ಮೇಲೆ ಅಜ್ಜ ಅದರ ಡಬ್ಬವನ್ನೂ ಅಲ್ಲೇ ತಂದಿಟ್ಟಿದ್ದರು. ಕೂಗುವ ಹಾಗಿಲ್ಲ, ಉಗಿಯುವ ಹಾಗಿಲ್ಲ. ಅಷ್ಟರಲ್ಲಿ ಬಾಗಿಲಿಂದ ಪಿಸುಮಾತು: "ನಂಗೆ?" ನಾನು ಸುಮ್ನೆ ಕೈ ಚಾಚಿದೆ. ಅವನು ಕೂಗಿದ. ಏಟು ಇಬ್ಬರಿಗೂ ಬಿತ್ತು. ಇವತ್ತಿಗೂ ಮದುವೆಮನೆಯಲ್ಲಿ ಪಾಯಸ ಬಡಿಸಲು ನಾನು ಬಂದರೆ ಅವನು ಎಲೆಗೆ ಕೈ ಅಡ್ಡ ಹಿಡಿಯುತ್ತಾನೆ.

ವೆಜಿಮೈಟ್ ಕೀಲೆಣ್ಣೆಯಷ್ಟು ಕೆಟ್ಟದ್ದಲ್ಲ ಬಿಡಿ. ಉಪ್ಪು ಜಾಸ್ತಿ, ಅಷ್ಟೇ. ಆಸ್ಟ್ರೇಲಿಯಾದವರು 1923ರಿಂದ ಬ್ರೆಡ್ಡಿಗೆ ಹಚ್ಚಿ ತಿನ್ನುತ್ತಿದ್ದಾರೆ. ಬಿಯರ್ ಮಾಡಿ ಉಳಿದ ಯೀಸ್ಟಿನಿಂದ ಶುರುವಾದ ತಿಂಡಿ ಅಂತ ಬಾಯಿ ತಪ್ಪಿ ಹೇಳಿದ್ದೇ ತಡ, ನಮ್ಮತ್ತೆ ಅದಕ್ಕೊಂದು ಬೇರೆ ಚಮಚ ಇಡಿಸಿದರು. ನನ್ನ ಸಿಟ್ಟು ಬಾಟಲಿಯ ಮೇಲಲ್ಲ, ಅಳಿಯನ ಮೇಲೆ. ನಾನು ಸಿಂಕಿಗೆ ಓಡಿ ಬಾಯಿ ತೊಳೆದು ಬಂದ ಮೇಲೆ, "ಬೆಣ್ಣೆ ಸವರಿ, ಮೇಲೆ ತೆಳ್ಳಗೆ ಹಚ್ಚಬೇಕು ಮಾವ. ಅಭ್ಯಾಸ ಆದ್ರೆ ಬಿಡೋದೇ ಇಲ್ಲ ನೀವು" ಅಂದ. ಮೊದಲೇ ಹೇಳಬಾರದಿತ್ತಾ? ಅರವತ್ತೆಂಟಕ್ಕೆ ಎಂಥ ಅಭ್ಯಾಸ? ಇದೇ ಮಹಾರಾಯ ಹೋದ ಆಷಾಢದಲ್ಲಿ ನಮ್ಮನೆಗೆ ಬಂದವನು, ಕಳಲೆ ನೆನೆಹಾಕಿದ ನೀರು ಚೆಲ್ಲುವಾಗ ಮೂಗು ಮುಚ್ಚಿಕೊಂಡು ಜಗಲಿಗೆ ಓಡಿದ್ದ. ಅವನಿಗೂ ಅಭ್ಯಾಸ ಆಗುತ್ತಿತ್ತು, ಅಲ್ವಾ?

ಪರವೂರಿನ ಊಟದ ಬಗ್ಗೆ ಏನೋ ದೊಡ್ಡದು ಹೇಳುವುದಿತ್ತು. ಕೀಲೆಣ್ಣೆಯಲ್ಲಿ ಜಾರಿಹೋಯ್ತು.

ಮೊನ್ನೆ ದೋಸೆಗೆ ಬೆಲ್ಲ ಅಂತ ನಾನು ಮತ್ತೆ ಅದಕ್ಕೇ ಕೈ ಹಾಕಿದ್ದು ನೋಡಿ ಹೆಂಡತಿ ಹಳದಿ ಮುಚ್ಚಳದ ಮೇಲೆ ಚೀಟಿ ಅಂಟಿಸಿದ್ದಾಳೆ: "ಬೆಲ್ಲ ಅಲ್ಲ".

ನಾಳೆ ಚಿಕ್ಕಪ್ಪನ ಮಗ ಬೆಳಗಿನ ತಿಂಡಿಗೇ ಬರುತ್ತಾನಂತೆ. ಆ ಚೀಟಿ ಇವತ್ತೇ ಕಿತ್ತಿಡಬೇಕು.