ಸ್ಪಷ್ಟನೆ: ನೇಲ್ ಪಾಲಿಶ್ ಹಚ್ಚಿದರೆ ನಿಕ್ಕಲ್ ಅಲರ್ಜಿ ತಪ್ಪುವುದಿಲ್ಲ

‘ಮನೆಯಲ್ಲಿ ಓಲೆ ಮಾಡಲು ಯಾವ ತಂತಿಯಾದರೂ ನಡೆಯುತ್ತದೆ, ಕೊಕ್ಕೆಗೆ ಬಣ್ಣವಿಲ್ಲದ ನೇಲ್ ಪಾಲಿಶ್ ಹಚ್ಚಿದರೆ ಅಲರ್ಜಿ ಆಗುವುದಿಲ್ಲ’ ಎಂಬ ಸಲಹೆ ಹರಿದಾಡುತ್ತಿದೆ. ದಯವಿಟ್ಟು ಇದನ್ನು ನಂಬಿಕೊಂಡು ಕೂರಬೇಡಿ.

ಪಾಲಿಶ್ ಒಂದು ತೆಳುಪದರ ಅಷ್ಟೇ. ಓಲೆ ಹಾಕಿ ತೆಗೆಯುವಾಗ ಕೊಕ್ಕೆ ಕಿವಿತೂತಿಗೆ ಉಜ್ಜುತ್ತದೆ, ಬೆವರೂ ತಾಗುತ್ತದೆ. ಮೊದಲು ಸುಲಿಯುವುದು ತುದಿ ಮತ್ತು ಬಾಗಿದ ಜಾಗ. ಚರ್ಮಕ್ಕೆ ತಾಗುವುದೂ ಅದೇ ಭಾಗ. ತಂತಿಯಲ್ಲಿರುವ ನಿಕ್ಕಲ್ ಎಂಬ ಲೋಹ ತಾಗಿ ಚರ್ಮ ತುರಿಸುವುದೇ ನಿಕ್ಕಲ್ ಅಲರ್ಜಿ. ಅದು ಒಮ್ಮೆ ಶುರುವಾದರೆ ಸಾಮಾನ್ಯವಾಗಿ ಜೀವನಪೂರ್ತಿ ಉಳಿಯುತ್ತದೆ. ಹಾಗಾಗಿ ಇದನ್ನು ಹಗುರವಾಗಿ ತೆಗೆದುಕೊಳ್ಳಲು ನನಗೆ ಮನಸ್ಸಿಲ್ಲ.

ಜರ್ಮನ್ ಸಿಲ್ವರ್ ತಂತಿಯಲ್ಲಿ ಬೆಳ್ಳಿ ಇರುವುದಿಲ್ಲ, ತಾಮ್ರ, ಸತು, ನಿಕ್ಕಲ್ ಇರುತ್ತವೆ. ಸರ್ಜಿಕಲ್ ಸ್ಟೀಲ್ ಎಂದು ಮಾರುವ 316ಎಲ್ ಉಕ್ಕಿನಲ್ಲೂ ಶೇ 10ರಿಂದ 14ರಷ್ಟು ನಿಕ್ಕಲ್ ಇದೆ. ಅದರಿಂದ ಹೊರಬಂದು ಚರ್ಮಕ್ಕೆ ತಾಗುವ ನಿಕ್ಕಲ್ ಬಹಳ ಕಡಿಮೆ, ಆದರೆ ‘ನಿಕ್ಕಲ್ ಇಲ್ಲ’ ಅನ್ನುವುದು ಸುಳ್ಳು.

ನೇತಾಡುವ ಭಾಗಕ್ಕೆ ಬೇಕಾದ ತಂತಿ ಬಳಸಿ, ಕಿವಿಯೊಳಗೆ ಹೋಗುವ ಕೊಕ್ಕೆ ಮಾತ್ರ ನಿಕ್ಕಲ್ ಇಲ್ಲದ ಲೋಹಗಳಾದ ನಯೋಬಿಯಂ ಅಥವಾ ಶುದ್ಧ ಟೈಟಾನಿಯಂನದ್ದಾಗಿರಲಿ. 20 ಗೇಜ್, ಅಂದರೆ ಸುಮಾರು 0.8 ಮಿ.ಮೀ. ದಪ್ಪ ಸಾಕು. ಕತ್ತರಿಸಿದ ತುದಿಯನ್ನು ನುಣ್ಣಗಿನ ಅರದಿಂದ ಗುಂಡಗೆ ಉಜ್ಜಿ, ಬೆರಳಲ್ಲಿ ಸವರಿ ನೋಡಿ. ಚುಚ್ಚಿದರೆ ಇನ್ನೂ ಉಜ್ಜಬೇಕು.